ಹಾಸನದಲ್ಲಿ ದೊಡ್ಡ ಮ್ಯಾಪ್ ಪ್ರಿಂಟು, ನೋಟ್ಸ್ ಬೈಂಡಿಂಗು ಮಾಡಿಸೋರಿಗೆ: ಉಕ್ರೇನ್ ಸೈನ್ಯದ ಕಥೆ ಪ್ರಿಂಟ್ ಹಾಕ್ಸಿದ ಅಂಗಡಿ ರಿವ್ಯೂ

ಮೊದ್ಲೇ ಮಾರ್ಕ್ಸ್ ಹೇಳ್ಬಿಡ್ತೀನಿ, ಉದ್ದ ಓದಕ್ಕೆ ಪುರುಸೊತ್ತಿಲ್ದೋರು ಇಲ್ಲಿಗೇ ನಿಲ್ಸಿ ಹೋಗ್ಬಹುದು. ಮ್ಯಾಪ್ ಪ್ರಿಂಟಿಗೆ ಐದಕ್ಕೆ ಐದು. ಹಾರ್ಡ್ ಬೈಂಡಿಂಗಿಗೆ ನಾಲ್ಕು. ಫೋಟೋಗೆ ಮೂರು. ಹೇಳಿದ ದಿನಕ್ಕೆ ಕೊಡೋದ್ರಲ್ಲಿ ಒಂದೂವರೆ, ಆ ಅರ್ಧ ಮಾರ್ಕೂ ಕಾಯ್ಸಿದಾಗ ಕಾಫಿ ತರಿಸಿಕೊಟ್ರು ಅನ್ನೋ ಕಾರಣಕ್ಕೆ.

ಅಂಗಡಿ ಹಾಸನದಲ್ಲಿ ಬಿ.ಎಂ. ರೋಡಿಂದ ಒಳಗೆ ತಿರುಗೋ ಒಂದು ಅಡ್ಡರಸ್ತೆಲಿದೆ. ಹೆಸರು ಹಾಕಲ್ಲ, ಓನರ್ ಅಣ್ಣಂಗೆ ಆನ್‌ಲೈನ್ ರಿವ್ಯೂ ಅಂದ್ರೆ ಆಗ್ಬರಲ್ಲ, ಜನ ಬಂದು ಸುಮ್ನೆ ರೇಟ್ ಕೇಳಿ ಹೋಗ್ತಾರೆ ಅಂತಾರೆ. ಹೊರಗಿಂದ ನೋಡಿದ್ರೆ ಮಾಮೂಲಿ ಜೆರಾಕ್ಸ್ ಅಂಗಡಿ, ಆಧಾರ್ ಲ್ಯಾಮಿನೇಶನ್, ಪಹಣಿ ಪ್ರಿಂಟು, ಪ್ರಾಜೆಕ್ಟ್ ರಿಪೋರ್ಟು ಅಂತ ಬೋರ್ಡ್ ಇದೆ, ಒಳಗೆ ಹೋದ್ರೆ ಮಾತ್ರ ಗೊತ್ತಾಗೋದು ಹಿಂದಿನ ರೂಮಲ್ಲಿ ಒಂದು ದೊಡ್ಡ ಪ್ಲಾಟರ್ ಇದೆ ಅಂತ, ಸಿವಿಲ್ ಇಂಜಿನಿಯರ್‌ಗಳು ಮನೆ ಪ್ಲಾನ್ ತೆಗೆಸ್ತಾರಲ್ಲ ಆ ಮಿಷಿನ್ನು. ಎ0 ಸೈಜ್‌ವರೆಗೂ ಬರುತ್ತೆ.

ನಾನು ಮಾಡ್ಸಿದ್ದು ಏನಪ್ಪಾ ಅಂದ್ರೆ, ನಮ್ಮ ಎಂ.ಎ. ಹಿಸ್ಟರಿ ಹುಡುಗ್ರಿಗೆ ಅಂತ ಬರ್ಕೊಂಡಿದ್ದ ಕನ್ನಡ ನೋಟ್ಸ್. ವಿಷಯ 1917ರಲ್ಲಿ, ಮೊದಲನೇ ಮಹಾಯುದ್ಧ ನಡೀತಿದ್ದಾಗ, ಆಗ ರಷ್ಯಾ ಕೈಕೆಳಗಿದ್ದ ಉಕ್ರೇನಿನ ಮೊದಲನೇ ಕೋರ್ (ಕೆಲವು ಡಿವಿಷನ್ ಸೇರಿದ ದೊಡ್ಡ ಸೈನ್ಯದ ತುಕಡಿ) ಹುಟ್ಟಿದ್ದು. ಟೀವಿಲಿ ಈಗಿನ ಯುದ್ಧದ ಬಗ್ಗೆ ಕೂಗಾಡೋದು ಕೇಳಿ ಕೇಳಿ ಹುಡುಗ್ರು ಒಂದಿನ ಕೇಳಿದ್ರು, ಸಾರ್ ಇವ್ರಿಗೆ ಮೊದಲು ಸ್ವಂತ ಸೈನ್ಯ ಅಂತ ಇತ್ತಾ ಅಂತ. ಇತ್ತು, ಆದ್ರೆ ಅದು ಹುಟ್ಟಿದ ರೀತಿನೇ ವಿಚಿತ್ರ, ಎರಡು ಮಾತಲ್ಲಿ ಮುಗಿಯಲ್ಲ, ಮ್ಯಾಪ್ ಇಲ್ದೆ ಅಂತೂ ಅರ್ಥನೇ ಆಗಲ್ಲ. ಮೊಬೈಲಲ್ಲಿ ಝೂಮ್ ಮಾಡಿದ್ರೆ ಊರು ಕಾಣುತ್ತೆ ಲೈನ್ ಕಾಣಲ್ಲ, ಝೂಮ್ ತೆಗೆದ್ರೆ ಲೈನ್ ಕಾಣುತ್ತೆ ಊರಿಲ್ಲ. ಅದಕ್ಕೇ ದೊಡ್ಡ ಪ್ರಿಂಟು.

ಈಗ ಮ್ಯಾಪ್ ವಿಷಯ. ಆ ಕಾಲದ ರೈಲ್ವೆ ಲೈನ್‌ಗಳನ್ನ ನಾನೇ ಬಿಡಿಸಿದ ಫೈಲು, ಕೀವ್ ಮಧ್ಯದಲ್ಲಿ, ಪಡುವಣಕ್ಕೆ ಆಸ್ಟ್ರಿಯಾ ಎದುರಿನ ಫ್ರಂಟು, ಮೂಡಣಕ್ಕೆ ಖಾರ್ಕಿವ್ ಕಡೆ. ಆಪರೇಟರ್ ಹುಡುಗಿ ಮೊದಲು ಎ3ಲಿ ಒಂದು ಸ್ಯಾಂಪಲ್ ತೆಗೆದು, ಸಾರ್ ನಿಮ್ಮ ಕೆಂಪು ಲೈನು ದಪ್ಪ ಆಗಿ ಊರಿನ ಹೆಸ್ರು ಮುಚ್ಚೋಗ್ತಿದೆ ನೋಡಿ, ತೆಳ್ಳಗೆ ಮಾಡ್ಲಾ ಅಂದ್ಲು. ಕೇಳದೆ ಇದ್ರೂ ಸ್ಯಾಂಪಲ್ ತೆಗೆಯೋರು ಎಷ್ಟು ಜನ ಇದಾರೆ ಹೇಳಿ. ಎ0ಲಿ ಬಂದಾಗ ಸ್ಟೇಷನ್ ಹೆಸ್ರುಗಳು ಆರಡಿ ದೂರದಿಂದ ಓದೋ ಹಾಗಿತ್ತು. ಪೇಪರ್ 100 ಜಿಎಸ್ಎಂ ಹಾಕ್ಸಿದೆ, 80 ಹಾಕ್ಸಿದ್ರೆ ಮಡಿಚಿದ ಕಡೆ ಸೀಳುತ್ತೆ.

ಓನರ್ ಅಣ್ಣ ಪ್ರಿಂಟ್ ನೋಡ್ತಾ ಒಂದು ಕಡೆ ಬೆರಳಿಟ್ಟು, ಇದೇನ್ ಸಾರ್ ನಮ್ಮ ಅರಸೀಕೆರೆ ಥರ ಜಂಕ್ಷನ್ನಾ ಅಂದ್ರು. ಕರೆಕ್ಟಾಗಿ ಅದೇ. ಅದು ಝ್ಮೆರಿಂಕಾ. ಕೀವ್‌ನಿಂದ ಒಡೆಸ್ಸಾಗೆ ಹೋಗೋ ಮೇನ್ ಲೈನು ಅಲ್ಲೇ ಹಾಯುತ್ತೆ, ಪಡುವಣ ಗಡಿ ಕಡೆ ಲೈನೂ ಅಲ್ಲೇ ಕವಲು ಒಡೆಯುತ್ತೆ. ಅದ್ರಿಂದ ಕೀವ್ ಕಡೆ ಬಂದ್ರೆ ವಿನ್ನಿತ್ಸಿಯಾ, ಆಮೇಲೆ ಕೊಜಿಯಾಟಿನ್, ಅದೂ ಜಂಕ್ಷನ್ನೇ, ಅಲ್ಲಿಂದ ಶೆಪೆಟಿವ್ಕಾ ಕಡೆ ಇನ್ನೊಂದು ಲೈನು. ಈ ನಾಲ್ಕು ಹೆಸ್ರು ಗೊತ್ತಿದ್ರೆ ಕೋರ್‌ನ ಅರ್ಧ ಕಥೆ ಗೊತ್ತಾದಂಗೆ.

ಕಥೆ ಏನಂದ್ರೆ 1917ರ ಬೇಸಿಗೆಲಿ ರಷ್ಯಾದ ತಾತ್ಕಾಲಿಕ ಸರ್ಕಾರದ ಯುದ್ಧ ಮಂತ್ರಿ ಕೆರೆನ್ಸ್ಕಿ ಮಾಡಿಸಿದ ದಾಳಿ ನೆಲಕಚ್ಚಿತು, ರಷ್ಯನ್ ಸೈನ್ಯ ಕರಗ್ತಾ ಇದೆ, ಸೈನಿಕರು ಆಫೀಸರ್ ಮಾತು ಕೇಳ್ತಿಲ್ಲ, ಕಮಿಟಿ ಮಾಡ್ಕೊಂಡು ಯುದ್ಧಕ್ಕೆ ಹೋಗ್ಬೇಕಾ ಬೇಡ್ವಾ ಅಂತ ಓಟ್ ಹಾಕ್ತಿದಾರೆ. ಆಗ ರಷ್ಯನ್ ಸೈನ್ಯದ ಜನರಲ್ ಕಾರ್ನಿಲೋವ್‌ಗೆ ಅನ್ಸಿದ್ದು, ಒಂದೇ ಜನಾಂಗದೋರನ್ನ ಒಂದು ಕಡೆ ಸೇರ್ಸಿದ್ರೆ ಶಿಸ್ತು ಉಳಿಯುತ್ತೇನೋ ಅಂತ. ಅವ್ರ ಕಣ್ಣು ಬಿದ್ದಿದ್ದು 34ನೇ ಆರ್ಮಿ ಕೋರ್ ಮೇಲೆ, ಅದ್ರ ಕಮಾಂಡರ್ ಪಾವ್ಲೋ ಸ್ಕೊರೊಪಾಡ್‌ಸ್ಕಿ, ದೊಡ್ಡ ಜಮೀನ್ದಾರ, ತ್ಸಾರ್ ಕಾಲದ ಜನರಲ್ಲು, 18ನೇ ಶತಮಾನದ ಹೆಟ್ಮನ್ (ಕೊಸಾಕ್ ಯೋಧರ ಮುಖ್ಯಸ್ಥ, ಉಕ್ರೇನ್ ಆಳೋನು) ಇವಾನ್ ಸ್ಕೊರೊಪಾಡ್‌ಸ್ಕಿ ಮನೆತನದೋನು. ಅವ್ನಿಗೂ ಮೊದಮೊದ್ಲು ಇದು ಬೇಕಿರ್ಲಿಲ್ಲ. ಉಕ್ರೇನ್ ಮೂಲದೋರಲ್ಲದ ಸೈನಿಕರನ್ನ ಬೇರೆ ಕಡೆ ಕಳ್ಸಿ, ಬೇರೆ ಕಡೆಯಿಂದ ಉಕ್ರೇನಿಯನ್ನರನ್ನ ಕರ್ಕೊಂಡು ಬಂದು, 104ನೇ ಮತ್ತು 153ನೇ ಡಿವಿಷನ್‌ಗಳಿಗೆ ಮೊದಲನೇ ಉಕ್ರೇನಿಯನ್, ಎರಡನೇ ಉಕ್ರೇನಿಯನ್ ಅಂತ ಹೆಸ್ರಿಟ್ಟು, ಇಡೀ ಕೋರ್‌ಗೆ ಮೊದಲನೇ ಉಕ್ರೇನಿಯನ್ ಕೋರ್ ಅಂತ ಬೋರ್ಡ್ ಹಾಕಿದ್ರು. ಹೆಚ್ಚಿನ ಕಡೆ ಕೊಡೋ ಲೆಕ್ಕ ಸುಮಾರು 60 ಸಾವಿರ ಜನ. ಹೊಸ ಸೈನ್ಯ ಕಟ್ಟಿದ್ದಲ್ಲ ಇದು, ಹಳೇ ಸೈನ್ಯದ ಜನ ಅದಲು ಬದಲು ಮಾಡಿದ್ದು, ಆಫೀಸರ್‌ಗಳಲ್ಲಿ ಬಹಳ ಜನ ಹಳಬರೇ ಉಳ್ಕೊಂಡ್ರು. ನನ್ನ ನೋಟ್ಸ್‌ನ ಮುಖ್ಯ ವಾದ ಇದೇ, ಈ ಕೋರ್‌ನ ಮಾಡಿಸಿದೋರಿಗೆ ಉಕ್ರೇನ್ ಬಗ್ಗೆ ಪ್ರೀತಿ ಇರ್ಲಿಲ್ಲ, ಯಾರ ಹೆಸ್ರಲ್ಲಿ ಮಾಡಿದ್ರೋ ಅವ್ರಿಗೆ ಇದ್ರ ಮೇಲೆ ನಂಬಿಕೆ ಇರ್ಲಿಲ್ಲ.

ಅವ್ರು ಅಂದ್ರೆ ಕೀವ್‌ನ ಸೆಂಟ್ರಲ್ ರಾಡಾ, ಉಕ್ರೇನಿಯನ್ನರ ಪ್ರತಿನಿಧಿ ಸಭೆ. 1917ರ ಮಾರ್ಚ್‌ನಲ್ಲಿ ಶುರುವಾಗಿದ್ದು, ಅಧ್ಯಕ್ಷ ಹ್ರುಶೆವ್‌ಸ್ಕಿ ಇತಿಹಾಸಕಾರ, ಸರ್ಕಾರ ನಡೆಸ್ತಿದ್ದ ವಿನ್ನಿಚೆಂಕೊ ಕಾದಂಬರಿಕಾರ, ಮಿಲಿಟರಿ ನೋಡ್ಕೊಳ್ತಿದ್ದ ಪೆಟ್ಲಿಯೂರಾ ಪತ್ರಕರ್ತ. (ನಮ್ಮ ಡಿಪಾರ್ಟ್‌ಮೆಂಟ್‌ಗೆ ಸರ್ಕಾರ ಕೊಟ್ಟಂಗಿತ್ತು ಅಂತ ಕ್ಲಾಸಲ್ಲಿ ಹೇಳಿದ್ರೆ ಹುಡುಗ್ರು ನಗ್ತಾರೆ, ನಾನೂ ನಗ್ತೀನಿ.) ಇವ್ರೆಲ್ಲ ಸೋಷಲಿಸ್ಟರು, ವಿನ್ನಿಚೆಂಕೊಗಂತೂ ಖಾಯಂ ಸೈನ್ಯ ಅನ್ನೋದೇ ಬೇಡದ ವಸ್ತು, ಜನರೇ ಬಂದೂಕು ಹಿಡಿಯೋ ಮಿಲಿಷಿಯಾ ಸಾಕು ಅನ್ನೋ ಪಂಗಡ. ಅಂಥೋರ ಮುಂದೆ ಜಮೀನ್ದಾರ ಜನರಲ್ಲೊಬ್ಬ ದೊಡ್ಡ ಸೈನ್ಯ ಇಟ್ಕೊಂಡು ನಿಂತ್ರೆ ಭಯ ಆಗದೇ ಇರುತ್ತಾ. ಸಾಲದ್ದಕ್ಕೆ 1917ರ ಅಕ್ಟೋಬರ್‌ನಲ್ಲಿ ಚಿಹಿರಿನ್ ಅನ್ನೋ ಊರಲ್ಲಿ ಫ್ರೀ ಕೊಸಾಕ್ ಅನ್ನೋ ಸ್ವಯಂಸೇವಕ ಪಡೆಗಳ ಸಮ್ಮೇಳನ ಆಗಿ, ಸ್ಕೊರೊಪಾಡ್‌ಸ್ಕಿನೇ ಗೌರವ ಅಟಮಾನ್ (ನಾಯಕ) ಅಂತ ಆರಿಸಿದ್ರು. ಅಲ್ಲಿಗೆ ಅನುಮಾನ ಇನ್ನೂ ಗಟ್ಟಿ ಆಯ್ತು.

ಆದ್ರೂ ಕೆಲಸಕ್ಕೆ ಬಂದಿದ್ದು ಇದೇ ಕೋರ್. ಬೊಲ್ಶೆವಿಕ್ ಕ್ರಾಂತಿ ಆದ್ಮೇಲೆ (ಲೆನಿನ್‌ನ ಕಮ್ಯುನಿಸ್ಟರು ರಷ್ಯಾದಲ್ಲಿ ಅಧಿಕಾರ ಹಿಡಿದದ್ದು) ಅವ್ರ ಪರ ತಿರುಗಿದ ರಷ್ಯನ್ ಸೈನ್ಯದ ಎರಡನೇ ಗಾರ್ಡ್ಸ್ ಕೋರ್ ಫ್ರಂಟಿಂದ ರೈಲು ಹತ್ತಿ ಕೀವ್ ಮೇಲೆ ಹೊರಡ್ತು, ಹಿಂದೆ ನಿಂತಿದ್ದು ಯೆವ್‌ಗೇನಿಯಾ ಬೋಶ್ ಅನ್ನೋ ಬೊಲ್ಶೆವಿಕ್ ನಾಯಕಿ. ಸ್ಕೊರೊಪಾಡ್‌ಸ್ಕಿ ಜನ ಝ್ಮೆರಿಂಕಾ, ವಿನ್ನಿತ್ಸಿಯಾ, ಕೊಜಿಯಾಟಿನ್, ಶೆಪೆಟಿವ್ಕಾ ಲೈನ್ ಹಿಡ್ಕೊಂಡು, ಬಂದ ರೈಲುಗಳನ್ನ ತಡೆದು, ಬಂದೂಕು ಕಿತ್ಕೊಂಡು, ಅದೇ ರೈಲಲ್ಲಿ ರಷ್ಯಾ ಕಡೆ ಕಳ್ಸಿದ್ರು. ಯುದ್ಧ ಅನ್ನೋದಕ್ಕಿಂತ ಸ್ಟೇಷನ್ ಮಾಸ್ಟರ್ ಕೆಲಸ ಅನ್ಸುತ್ತೆ ಓದುವಾಗ, ಆದ್ರೆ ಅದೇ ಆಗ ಕೀವ್‌ನ ಉಳ್ಸಿದ್ದು.

ಮ್ಯಾಪ್ ಗೋಡೆಗೆ ಹಾಕಿದ್ಮೇಲೆ ಹುಡುಗ್ರಿಗೆ ತಾನೇ ಕಾಣ್ಸಿದ್ದು ಇನ್ನೊಂದಿದೆ, ನಾನು ಹೇಳೋಕೆ ಮುಂಚೆನೇ ಒಬ್ಳು ಹೇಳಿದ್ಲು, ಸಾರ್ ಈ ಸೈನ್ಯ ಪೂರ್ತಿ ಎಡಗಡೆ ಇದೆ, ಬಲಗಡೆ ಯಾರಿದಾರೆ ಅಂತ. ಯಾರೂ ಇಲ್ಲ, ಅದೇ ಸಮಸ್ಯೆ. ಚಳಿಗಾಲದಲ್ಲಿ ಕೋರ್‌ಗೆ ಬೂಟು ಬಟ್ಟೆ ಸರಿಯಾಗಿ ಬರ್ಲಿಲ್ಲ, ಜನ ಮನೆ ಕಡೆ ಜಾರ್ಕೊಂಡ್ರು, ಬೇಸತ್ತ ಸ್ಕೊರೊಪಾಡ್‌ಸ್ಕಿ ಡಿಸೆಂಬರ್ ಕೊನೆ ಹೊತ್ತಿಗೆ ಕಮಾಂಡ್ ಬಿಟ್ಟ. ಬೊಲ್ಶೆವಿಕ್ ಕಮಾಂಡರ್ ಮುರಾವ್ಯೋವ್‌ನ ಕೆಂಪು ಪಡೆ ಬಂದಿದ್ದು ಮೂಡಣದಿಂದ, ಪೋಲ್ಟಾವಾ ಮತ್ತು ಬಖ್ಮಚ್ ಕಡೆ ಲೈನ್‌ಗಳಿಂದ. ಆ ದಿಕ್ಕಲ್ಲಿ ಕ್ರೂಟಿ ಸ್ಟೇಷನ್ ಹತ್ರ 1918ರ ಜನವರಿ 29ಕ್ಕೆ ಎದುರು ನಿಂತಿದ್ದು ಕೆಲವೇ ನೂರು ಕೆಡೆಟ್‌ಗಳು ಮತ್ತೆ ವಿದ್ಯಾರ್ಥಿಗಳು. ಫೆಬ್ರವರಿ ಎರಡನೇ ವಾರದ ಹೊತ್ತಿಗೆ ಕೀವ್ ಬಿದ್ದಿತ್ತು. ಸ್ಕೊರೊಪಾಡ್‌ಸ್ಕಿ ಆದ್ಮೇಲೆ ಕೋರ್ ವಹಿಸ್ಕೊಂಡ ಜನರಲ್ ಹಾಂಡ್ಜಿಯುಕ್‌ನ ಬೊಲ್ಶೆವಿಕರು ಅಲ್ಲೇ ಗುಂಡಿಟ್ಟು ಕೊಂದ್ರು. ಇಂಥದ್ದನ್ನ ಬರೀ ಪ್ಯಾರಾಗಳಲ್ಲಿ ಓದಿದ್ರೆ ಎಡಗಡೆ ಬಲಗಡೆ ಅನ್ನೋದು ತಲೆಗೆ ಹೋಗೋದೇ ಇಲ್ಲ, ಅದಕ್ಕೇ ಪ್ಲಾಟರ್‌ಗೆ ಐದಕ್ಕೆ ಐದು.

ಇನ್ನು ಫಾಂಟ್ ಪುರಾಣ. ನುಡಿಲಿ ಟೈಪ್ ಮಾಡಿದ್ದು ಯೂನಿಕೋಡ್ ಮಾಡುವಾಗ ಒತ್ತಕ್ಷರ ಹಾಳಾಗೋದು ನಮಗೆಲ್ಲ ಗೊತ್ತಿರೋದೇ, ಇಲ್ಲಿ ಅದ್ರ ಜೊತೆಗೆ ಉಕ್ರೇನಿಯನ್ ಅಕ್ಷರದ ಹೆಸ್ರುಗಳೂ ಇದ್ವು, ಅವ್ರ ಹಳೇ ಸಿಸ್ಟಮಲ್ಲಿ ಎಲ್ಲಾ ಚೌಕ ಚೌಕ ಬಂತು. ಪಿಡಿಎಫ್ ಮಾಡಿ, ಫಾಂಟ್ ಎಂಬೆಡ್ ಮಾಡಿ ತಗೊಂಡ್ ಹೋಗಿ. ವರ್ಡ್ ಫೈಲ್ ಕೊಡ್ಲೇಬೇಡಿ. ಇನ್ನೊಂದು, ನನ್ನ ತಾರೀಕಿನ ಟೇಬಲ್ಲಲ್ಲಿ ಎರಡು ಕಾಲಂ ಇತ್ತು, ಯಾಕಂದ್ರೆ ರಷ್ಯಾದಲ್ಲಿ ಆಗ ಹಳೇ ಕ್ಯಾಲೆಂಡರು, ನಮ್ಮ ಕ್ಯಾಲೆಂಡರಿಗಿಂತ 13 ದಿನ ಹಿಂದೆ, ರಾಡಾದ ಮೂರನೇ ಯೂನಿವರ್ಸಲ್ (ಘೋಷಣಾಪತ್ರ) ಅಂದ್ರೆ ಉಕ್ರೇನ್ ಪೀಪಲ್ಸ್ ರಿಪಬ್ಲಿಕ್ ಅಂತ ಘೋಷಿಸಿದ್ದು ನವೆಂಬರ್ 7 ಅಂತಾನೂ ಬರುತ್ತೆ 20 ಅಂತಾನೂ ಬರುತ್ತೆ, ನಾಲ್ಕನೇದು ಸ್ವಾತಂತ್ರ್ಯ ಸಾರಿದ್ದು ಜನವರಿ 9 ಮತ್ತು 22. ಬೈಂಡಿಂಗ್‌ಗೆ ಅಂಚು ಕತ್ತರಿಸುವಾಗ ಬಲಗಡೆ ಕಾಲಂ ಎರಡು ಕಾಪಿಲಿ ಹಾರೋಗಿತ್ತು. ತೋರ್ಸಿದ ತಕ್ಷಣ ಮಾತಾಡ್ದೆ ಆ ಹಾಳೆಗಳನ್ನ ಹೊಸದಾಗಿ ತೆಗೆದು ಹಾಕ್ಕೊಟ್ರು, ದುಡ್ಡು ಕೇಳ್ಲಿಲ್ಲ.

ಬೈಂಡಿಂಗ್ ಹೊಲಿಗೆ ಹಾಕಿ ಮಾಡ್ತಾರೆ, ಬರೀ ಗಮ್ ಅಲ್ಲ. ಒಬ್ರು ವಯಸ್ಸಾದ ಸಾಬ್ರು ಇದಾರೆ, ಫಾರಂ ಫಾರಂ ಮಡಿಚಿ ದಾರ ಹಾಕೋದು ನೋಡೋಕೇ ಚೆಂದ. ಪುಸ್ತಕ ಪೂರ್ತಿ ಬಿಚ್ಚಿ ಮೇಜಿನ ಮೇಲೆ ಇಟ್ರೂ ಮುಚ್ಕೊಳಲ್ಲ. ರೆಕ್ಸಿನ್ ಬಣ್ಣ ಮಾತ್ರ ಅವ್ರತ್ರ ಎರಡೇ, ಕೆಂಪು ಮತ್ತೆ ಮೆರೂನ್. ಬೊಲ್ಶೆವಿಕರ ವಿರುದ್ಧ ನಿಂತ ಸೈನ್ಯದ ಪುಸ್ತಕಕ್ಕೆ ಕೆಂಪು ರಟ್ಟು, ಆಗ್ಲಿ ಬಿಡಿ.

ಫೋಟೋ ಸಾಧಾರಣ. ಸ್ಕೊರೊಪಾಡ್‌ಸ್ಕಿ ಕೊಸಾಕ್ ಕೋಟ್ ಹಾಕ್ಕೊಂಡು ನಿಂತಿರೋ ಹಳೇ ಕಪ್ಪು ಬಿಳಿ ಫೋಟೋ, ಲೇಸರ್ ಪ್ರಿಂಟಲ್ಲಿ ಕೋಟು ಪೂರ್ತಿ ಕಪ್ಪು ಗುಡ್ಡೆ ಆಗಿ ಸೊಂಟದ ಕಠಾರಿ ಕಾಣ್ಲೇ ಇಲ್ಲ. ಫೋಟೋ ಪೇಪರಲ್ಲಿ ಇಂಕ್‌ಜೆಟ್ ತೆಗೆಸಿದ್ರೆ ಪರ್ವಾಗಿಲ್ಲ, ರೇಟ್ ಡಬಲ್. ಆ ಫೋಟೋ ಬೇಕೇ ಬೇಕಿತ್ತು, ಯಾಕಂದ್ರೆ ಮನುಷ್ಯನ ಕಥೆ ಕೋರ್ ಜೊತೆ ಮುಗಿಯಲ್ಲ. ರಾಡಾ ಜರ್ಮನಿ ಕಡೆಯೋರ ಜೊತೆ ಮಾಡ್ಕೊಂಡ ಬ್ರೆಸ್ಟ್ ಶಾಂತಿ ಒಪ್ಪಂದ ಆಗಿ ಜರ್ಮನ್ನರು ಬಂದು ರಾಡಾನ ಮತ್ತೆ ಕೀವಲ್ಲಿ ಕೂರ್ಸಿದ್ಮೇಲೆ, 1918ರ ಏಪ್ರಿಲ್ 29ಕ್ಕೆ ಜರ್ಮನ್ನರ ಬೆಂಬಲದಲ್ಲಿ ಇವನೇ ಅದೇ ರಾಡಾನ ಕೆಳಗಿಳ್ಸಿ ಹೆಟ್ಮನ್ ಆದ, ಡಿಸೆಂಬರ್‌ವರೆಗೂ ಆಳಿದ, ಆಮೇಲೆ ಜರ್ಮನಿಗೆ ಹೋದ, 1945ರ ಏಪ್ರಿಲ್‌ನಲ್ಲಿ ಬಾಂಬ್ ದಾಳಿಲಿ ಗಾಯ ಆಗಿ ಸತ್ತ. ರಾಡಾದೋರು ಹೆದರಿದ್ದು ನಿಜ ಆಯ್ತಾ, ಇಲ್ಲ ಹೆದರಿ ದೂರ ಇಟ್ಟಿದ್ದಕ್ಕೇ ಹಿಂಗಾಯ್ತಾ ಅಂತ ಹುಡುಗ್ರು ಕ್ಲಾಸಲ್ಲಿ ಇನ್ನೂ ಕಿತ್ತಾಡ್ತಿದಾರೆ. ನಾನು ಎರಡನೇ ಕಡೆ. ಬೂಟು ಕೊಟ್ಟು, ಹತ್ರ ಇಟ್ಕೊಂಡು, ಕೋರ್‌ನ ಅರ್ಧ ಆದ್ರೂ ಮೂಡಣಕ್ಕೆ ತಿರುಗ್ಸಿದ್ರೆ ಜನವರಿ ಬೇರೆ ಥರ ಇರ್ತಿತ್ತು ಅನ್ನೋದು ನನ್ನ ಅಭಿಪ್ರಾಯ, ಒಪ್ಪದೋರು ಕಾಮೆಂಟಲ್ಲಿ ಬನ್ನಿ.

ಟೈಮ್ ವಿಷಯ ಹೇಳ್ಬೇಕು. ನಾಳೆ ಸಾಯಂಕಾಲ ಅಂದ್ರೆ ಅದು ನಾಡಿದ್ದು ಮಧ್ಯಾಹ್ನ ಅಂತ ತಿಳ್ಕೊಳಿ. ಕಾಲೇಜು ಪ್ರಾಜೆಕ್ಟ್ ಸಬ್ಮಿಷನ್ ಸೀಸನ್ನಲ್ಲಿ ಹೋಗ್ಲೇಬೇಡಿ, ಹಾಸನಾಂಬೆ ಬಾಗ್ಲು ತೆಗೆದಿರೋ ದಿನಗಳಲ್ಲೂ ಬೇಡ, ಊರೊಳಗೆ ಗಾಡಿ ನಿಲ್ಸೋಕೆ ಜಾಗ ಇರಲ್ಲ. ಫೋನ್ ಎತ್ತೋದು ಕಮ್ಮಿ, ವಾಟ್ಸಾಪ್‌ಗೆ ಮಾತ್ರ ಉತ್ತರ ಬರುತ್ತೆ. ರೇಟು ಬೆಂಗಳೂರಿಗಿಂತ ಕಮ್ಮಿನೇ, ಡಬಲ್ ಸೈಡ್ ಮತ್ತೆ ಐದು ಕಾಪಿ ಮೇಲೆ ಕೇಳಿದ್ರೆ ಇಳಿಸ್ತಾರೆ, ಕೇಳ್ದೆ ಇದ್ರೆ ಇಳಿಸಲ್ಲ. ಸಕಲೇಶಪುರ, ಬೇಲೂರು ಕಡೆಯೋರು ಆದ್ರೆ ಮ್ಯಾಪ್‌ನ ರೋಲ್ ಮಾಡಿ ಪಿವಿಸಿ ಪೈಪಲ್ಲಿ ಹಾಕಿ ಬಸ್ಸಿಗೆ ಕೊಡ್ತಾರೆ, ಪೈಪ್ ದುಡ್ಡು ಬೇರೆ. ಮಡಿಚಿ ಕೊಡಿ ಅಂತ ಮಾತ್ರ ಹೇಳ್ಬೇಡಿ, ನನ್ನ ಎರಡನೇ ಕಾಪಿಲಿ ಮಡಿಕೆ ಸರಿಯಾಗಿ ಕೊಜಿಯಾಟಿನ್ ಮೇಲೇ ಬಿದ್ದಿದೆ.