ಪೇಪರ್ ಎಲ್ಲ ಸರಿ ಇದ್ದೂ ಮನೆ ಉರುಳಿದ್ದು ಹೇಗೆ: ಬೆಂಗಳೂರಿನ ಅಂಚಿನಲ್ಲಿ ಸೈಟು ಕೊಳ್ಳುವವರಿಗೆ ಎಚ್ಚರಿಕೆ

2016ರ ಆಗಸ್ಟ್‌ನಲ್ಲಿ ಬೊಮ್ಮನಹಳ್ಳಿ ವಲಯದ ಅವನಿ ಶೃಂಗೇರಿನಗರಕ್ಕೆ ಪಾಲಿಕೆಯ ಜೆಸಿಬಿಗಳು ಬಂದಾಗ ಅಲ್ಲಿನ ಹಲವರ ಹತ್ತಿರ ದಪ್ಪ ಫೈಲುಗಳಿದ್ದವು. ನೋಂದಣಿಯಾದ ಕ್ರಯಪತ್ರ, ಖಾತೆ, ತಪ್ಪದೆ ಕಟ್ಟಿದ ಕಂದಾಯದ ರಸೀದಿ, ಕರೆಂಟ್ ಬಿಲ್ಲು, ಬ್ಯಾಂಕ್ ಸಾಲ. ಜುಲೈ ಕೊನೆಯ ಮಳೆಗೆ ಕೋಡಿಚಿಕ್ಕನಹಳ್ಳಿ ಸುತ್ತ ನೀರು ನುಗ್ಗಿದ್ದರಿಂದ ರಾಜಕಾಲುವೆಯ (ಮಳೆನೀರು ಹರಿಯುವ ದೊಡ್ಡ ಕಾಲುವೆ) ಒತ್ತುವರಿ ತೆರವು ಶುರುವಾಗಿತ್ತು. ಅಧಿಕಾರಿಗಳು ಹಿಡಿದುಕೊಂಡು ಬಂದದ್ದು ಹಳೆಯ ಗ್ರಾಮನಕ್ಷೆ. ಅದರಲ್ಲಿ ಕಾಲುವೆಯ ಗೆರೆ ಮನೆಗಳ ಮೇಲೇ ಹಾದುಹೋಗಿತ್ತು. ಫೈಲಿನಲ್ಲಿದ್ದ ಯಾವ ಕಾಗದವೂ ಗೋಡೆಯನ್ನು ಉಳಿಸಲಿಲ್ಲ. ಇಂಥ ಕಡೆ ಮನೆ ಹೋದರೂ ಸಾಲದ ಕಂತು ನಿಲ್ಲುವುದಿಲ್ಲ.

ಇದನ್ನು ಬ್ರೋಕರ್ ಮೋಸ ಎಂದು ತಳ್ಳಿಹಾಕಿದರೆ ಅರ್ಧವಷ್ಟೇ ತಿಳಿದಂತೆ. ಕಾಗದಗಳು ನಕಲಿ ಆಗಿರಲೇಬೇಕೆಂದಿಲ್ಲ. ಒಂದೊಂದು ಇಲಾಖೆ ತನ್ನ ರಿಜಿಸ್ಟರನ್ನು ಮಾತ್ರ ನೋಡುತ್ತದೆ. ಸಬ್ ರಿಜಿಸ್ಟ್ರಾರ್ ನೋಡುವುದು ಕೊಡುವವರು ಕೊಳ್ಳುವವರ ಗುರುತು, ಮುದ್ರಾಂಕ ಶುಲ್ಕ ಮತ್ತು ದಾಖಲೆಯ ನಮೂನೆ. ಜಾಗದಲ್ಲಿ ಹಳ್ಳ ಹರಿಯುತ್ತದೆಯೇ ಎಂದಲ್ಲ. ಕಂದಾಯ ವಿಭಾಗಕ್ಕೆ ಬೇಕಾದದ್ದು ತೆರಿಗೆ. ಬ್ಯಾಂಕಿನ ವಕೀಲರು ನೋಡುವುದು ಕ್ರಯಪತ್ರಗಳ ಸರಪಳಿ. ಇವರೆಲ್ಲರ ನಡುವಿನ ಸಂದಿಯಲ್ಲಿ ಕಾಲುವೆ, ಗೋಮಾಳ, ಭೂಸ್ವಾಧೀನದ ಅಧಿಸೂಚನೆ ಎಲ್ಲವೂ ನುಸುಳಿಕೊಂಡು ಹೋಗುತ್ತವೆ. ಅದಕ್ಕೆ ದಂಡ ತೆರುವವನು ಕೊನೆಗೆ ಕೊಂಡವನು.

ಮೊದಲು ಇ.ಸಿ., ಅಂದರೆ ಋಣಭಾರ ಪ್ರಮಾಣಪತ್ರದ ವಿಚಾರ. ಜನ ಇದನ್ನೇ ಅತಿಯಾಗಿ ನಂಬುವುದು. ನಮೂನೆ 15ರಲ್ಲಿ ವ್ಯವಹಾರಗಳ ಪಟ್ಟಿ ಬರುತ್ತದೆ. ಏನೂ ಇಲ್ಲದಿದ್ದರೆ ನಮೂನೆ 16, ಅಂದರೆ 'ನಿಲ್'. ಮಾರುವವರು ಕೊಡುವ 'ನಿಲ್' ಇ.ಸಿ.ಯಲ್ಲಿ ಹುಡುಕಿರುವುದು ಯಾವುದನ್ನು ಎಂದು ನೋಡಿ. 'ಸೈಟ್ ನಂ. 27' ಎಂದು ಹುಡುಕಿದರೆ ಆ ಹೆಸರಿನಲ್ಲಿ ಹಿಂದೆ ಏನೂ ನೋಂದಣಿ ಆಗಿರುವುದಿಲ್ಲ, ಏಕೆಂದರೆ ಆ ಸೈಟ್ ನಂಬರು ಹುಟ್ಟಿದ್ದೇ ಮೊನ್ನೆ. ಅದೇ ಜಮೀನನ್ನು ಸರ್ವೆ ನಂಬರಿನಡಿ ಅಡಮಾನ ಇಟ್ಟಿರಬಹುದು, ಅಣ್ಣತಮ್ಮಂದಿರು ವಿಭಾಗ ಮಾಡಿಕೊಂಡಿರಬಹುದು, ಇನ್ನೊಬ್ಬರಿಗೆ ಮಾರಿರಲೂಬಹುದು. ಆದ್ದರಿಂದ ಸರ್ವೆ ನಂಬರು, ಹಿಸ್ಸಾ (ಅದರ ಉಪವಿಭಾಗದ) ನಂಬರು, ಸೈಟ್ ನಂಬರು ಮೂರರಲ್ಲೂ ಬೇರೆ ಬೇರೆ ಇ.ಸಿ. ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು. ಅದಕ್ಕಿಂತ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಅರ್ಜಿ ಕೊಡಬೇಕು. ಇಷ್ಟು ಮಾಡಿದರೂ ಕೋರ್ಟಿನ ದಾವೆ, ನೋಂದಣಿಯಾಗದ ಕರಾರು, ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಅಧಿಸೂಚನೆ ಇ.ಸಿ.ಯಲ್ಲಿ ಕಾಣುತ್ತವೆ ಎಂಬ ಭರವಸೆ ಬೇಡ.

ಪಹಣಿಯನ್ನು ಹೆಚ್ಚಿನವರು ಮಾಲೀಕರ ಹೆಸರಿಗಾಗಿ 9ನೇ ಕಾಲಮ್ಮು ನೋಡಿ ಮಡಚಿಡುತ್ತಾರೆ. ಕಣ್ಣಿಡಬೇಕಾದದ್ದು 3ನೇ ಕಾಲಮ್ಮಿಗೆ. ಅಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಫೂಟ್ ಖರಾಬು ಎ, ಫೂಟ್ ಖರಾಬು ಬಿ ಎಂದು ಎರಡು ಸಾಲು ಇರುತ್ತವೆ. ಎ ಖರಾಬು ಎಂದರೆ ಸಾಗುವಳಿಗೆ ಬಾರದ ಜಾಗ, ಬಂಡೆ ಇತ್ಯಾದಿ. ಬಿ ಖರಾಬು ಸಾರ್ವಜನಿಕರದು: ದಾರಿ, ಹಳ್ಳ, ಕಾಲುವೆ, ಸ್ಮಶಾನ. ಅದನ್ನು ಯಾರೂ ಮಾರುವ ಹಾಗಿಲ್ಲ. 2 ಎಕರೆ 10 ಗುಂಟೆಯ ನಂಬರಿನಲ್ಲಿ 6 ಗುಂಟೆ ಬಿ ಖರಾಬು ಎಂದಿದೆ ಎನ್ನಿ. ಗುಂಟೆಗೆ 1,089 ಚದರಡಿ. 6 ಗುಂಟೆ ಎಂದರೆ 6,534. ಲೇಔಟ್ ನಕ್ಷೆಯಲ್ಲಿ ಆ ಜಾಗ ಎಲ್ಲಿ ಬಿಟ್ಟಿದ್ದಾರೆ ಎಂದು ಬೆರಳಿಟ್ಟು ತೋರಿಸಲು ಹೇಳಿ. ತೋರಿಸದಿದ್ದರೆ ಅದು ಐದು 30×40 ಸೈಟುಗಳಾಗಿ ಮಾರಾಟಕ್ಕಿದೆ ಎಂದೇ ಅರ್ಥ. 11ನೇ ಕಾಲಮ್ಮಿನಲ್ಲಿ ಋಣ, ತಡೆಯಾಜ್ಞೆ, ಭೂಸ್ವಾಧೀನದ ಟಿಪ್ಪಣಿ ಇದೆಯೇ ನೋಡಿ. 9ರಲ್ಲಿ ಐದಾರು ಹೆಸರಿದ್ದು ಪೋಡಿ (ಅಳೆದು ಬೇರೆ ಬೇರೆ ನಂಬರು ಮಾಡುವುದು) ಆಗಿಲ್ಲದಿದ್ದರೆ ನಿಮಗೆ ಮಾರುತ್ತಿರುವ ತುಂಡು ನೆಲದ ಮೇಲೆ ಎಲ್ಲಿದೆ ಎಂಬುದೇ ತೀರ್ಮಾನವಾಗಿಲ್ಲ.

ಮೂಲದಲ್ಲಿ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ ಸಾಗುವಳಿ ಚೀಟಿ (ಮಂಜೂರಾತಿ ಪತ್ರ) ಕೇಳಿ. ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದದ್ದನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡರೆ 1978ರ ಪಿಟಿಸಿಎಲ್ (ಇಂಥ ಜಮೀನಿನ ಪರಭಾರೆ ನಿಷೇಧಿಸುವ) ಕಾಯ್ದೆಯಂತೆ ಆ ಕ್ರಯ ಅಸಿಂಧು. 2023ರ ತಿದ್ದುಪಡಿ ಬಂದ ಮೇಲೆ ಭೂಮಿ ವಾಪಸ್ ಕೇಳಲು ಕಾಲಮಿತಿಯೂ ಇಲ್ಲ. 'ಇಪ್ಪತ್ತು ವರ್ಷ ಆಯ್ತು ಸಾರ್, ಯಾರೂ ಕೇಳಿಲ್ಲ' ಎಂಬ ಮಾತನ್ನು ನೆಚ್ಚಿಕೊಳ್ಳಬೇಡಿ.

ಇನ್ನು ಕಾಲುವೆ. ಗ್ರಾಮನಕ್ಷೆ ಭೂದಾಖಲೆಗಳ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ಹಳ್ಳ, ಕಾಲುವೆಗಳನ್ನು ಅದರಲ್ಲಿ ಸರ್ವೆ ನಂಬರುಗಳ ನಡುವೆ ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಬಾಗುತ್ತಾ ಹೋಗುವ ಗೆರೆಗಳಾಗಿ ಬರೆದಿರುತ್ತಾರೆ. ದಿಶಾಂಕ್ ಆ್ಯಪ್ ತೆರೆದು ಸೈಟಿನ ನಾಲ್ಕು ಮೂಲೆಯಲ್ಲೂ ನಿಂತು ಸರ್ವೆ ನಂಬರು ನೋಡಿ. ಬ್ರೋಕರ್ ಹೇಳಿದ ನಂಬರೂ ಕಾಲಡಿಯ ನಂಬರೂ ಒಂದೇ ಅಲ್ಲದಿದ್ದರೆ ಅಲ್ಲಿಂದಲೇ ಹಿಂತಿರುಗಬಹುದು. ಆದರೆ ಮೊಬೈಲಿನ ಜಿಪಿಎಸ್ ಹಲವು ಮೀಟರ್ ಆಚೀಚೆ ಆಗುತ್ತದೆ. ಗಡಿಗೆ ಅಂಟಿದ ಜಾಗಕ್ಕೆ ಆ್ಯಪ್ ಸಾಕಾಗದು. ತಾಲ್ಲೂಕು ಸರ್ವೆ ಕಚೇರಿಯಲ್ಲಿ ಹದ್ದುಬಸ್ತಿಗೆ (ಗಡಿ ಗುರುತಿಸುವ ಅಳತೆಗೆ) ಅರ್ಜಿ ಹಾಕಿ ಅಳತೆ ಮಾಡಿಸಲೇಬೇಕು. ಹಕ್ಕುದಾರ ಸಹಿ ಹಾಕಬೇಕಾದ್ದರಿಂದ ಮಾರುವವನೇ ಅರ್ಜಿ ಹಾಕಬೇಕು. ಹಾಕಲು ಹಿಂದೇಟು ಹಾಕಿದರೆ ಕಾರಣ ಊಹಿಸಿಕೊಳ್ಳಿ.

ಕಾಲುವೆಯ ಮೇಲೆ ಇಲ್ಲದಿದ್ದರೂ ಬಫರ್, ಅಂದರೆ ಕಟ್ಟಡ ಕಟ್ಟದೆ ಬಿಡಬೇಕಾದ ಅಂಚಿನ ಒಳಗೆ ಬೀಳಬಹುದು. ಬೆಂಗಳೂರಿನ 'ಪರಿಷ್ಕೃತ ಮಹಾಯೋಜನೆ 2015'ರಂತೆ ಕೆರೆಗೆ 30 ಮೀಟರ್. ರಾಜಕಾಲುವೆ ಪ್ರಾಥಮಿಕವಾದರೆ ನಡುಗೆರೆಯಿಂದ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್. ಅಡಿ ಲೆಕ್ಕದಲ್ಲಿ 164, 82, 49. ಅಂದರೆ ದೊಡ್ಡ ಕಾಲುವೆಯ ಪಕ್ಕ 40 ಅಡಿ ಉದ್ದದ ಸೈಟುಗಳ ನಾಲ್ಕು ಸಾಲು ಬಫರಿನಲ್ಲೇ ಮುಗಿಯುತ್ತದೆ. 'ಸುಪ್ರೀಂ ಕೋರ್ಟೇ ಬಫರ್ ತೆಗೆದುಹಾಕಿದೆ' ಎಂದು ಹೇಳುವವರಿದ್ದಾರೆ. ಕೋರ್ಟು 2019ರ ಮಾರ್ಚ್‌ನಲ್ಲಿ ರದ್ದು ಮಾಡಿದ್ದು ಹಸಿರು ನ್ಯಾಯಮಂಡಳಿ 2016ರಲ್ಲಿ ಹೆಚ್ಚಿಸಿದ್ದ ಅಳತೆಯನ್ನು (ಕೆರೆಗೆ 75 ಮೀಟರ್), ಮಹಾಯೋಜನೆಯ ಅಳತೆಯನ್ನಲ್ಲ. ಈ ಅಳತೆಗಳನ್ನು ಬದಲಿಸುವ ಮಾತು ಆಗಾಗ ಏಳುತ್ತಲೇ ಇರುತ್ತದೆ, ಹಾಗಾಗಿ ನೀವು ಕೊಳ್ಳುವ ದಿನ ಜಾರಿಯಲ್ಲಿರುವುದು ಯಾವುದು ಎಂದು ಯೋಜನಾ ಪ್ರಾಧಿಕಾರದಲ್ಲಿ ಕೇಳಿ. ಪಕ್ಕದ ಹೊಲದ ಹಿರಿಯರನ್ನು ಮಾತಾಡಿಸುವುದನ್ನೂ ಮರೆಯಬೇಡಿ: 'ಕೆರೆ ಕೋಡಿ ಬಿದ್ರೆ ನೀರು ಯಾವ ಕಡೆ ಹೋಗ್ತಿತ್ತು?' ಅವರು ಕೈ ತೋರಿಸಿದ ದಿಕ್ಕಿನಲ್ಲಿ ನಿಮ್ಮ ಸೈಟಿನ ಕಲ್ಲುಗಳಿದ್ದರೆ ಮುಂದಿನ ಕಾಗದ ಕೇಳುವ ಅಗತ್ಯವೇ ಇಲ್ಲ.

ಭೂಸ್ವಾಧೀನದ ಬಲೆ ಇದಕ್ಕಿಂತ ಕ್ರೂರ. ಶಿವರಾಮ ಕಾರಂತ ಬಡಾವಣೆಗೆ ಬಿಡಿಎ 17 ಹಳ್ಳಿಗಳ 3,546 ಎಕರೆ 12 ಗುಂಟೆಗೆ ಪ್ರಾಥಮಿಕ ಅಧಿಸೂಚನೆ ಹೊರಡಿಸಿದ್ದು 2008ರ ಡಿಸೆಂಬರ್ 30ರಂದು. 2014ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. 'ಕ್ಲಿಯರ್ ಆಯ್ತು' ಎಂದು ಸೈಟು ಮಾರಿದರು, ಜನ ಕೊಂಡರು, ಕಟ್ಟಿದರು. 2018ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟ್ ಹೈಕೋರ್ಟ್ ಆದೇಶವನ್ನೇ ತಳ್ಳಿಹಾಕಿತು. ಅಕ್ಟೋಬರ್ 30ಕ್ಕೆ ಅಂತಿಮ ಅಧಿಸೂಚನೆ. ಆಗಸ್ಟ್ 3ಕ್ಕೆ ಮೊದಲು ಕಟ್ಟಿದ ಮನೆಗಳಿಗೆ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಸಮಿತಿಯ ಮುಂದೆ ದಾಖಲೆ ಒಪ್ಪಿಸಿ ಸಕ್ರಮ ಮಾಡಿಸಿಕೊಳ್ಳುವ ದಾರಿಯಾದರೂ ಸಿಕ್ಕಿತು. ಖಾಲಿ ಸೈಟು ಕೊಂಡು ಹಣ ಕೂಡಿಸುತ್ತಿದ್ದವರಿಗೆ ಅಷ್ಟೂ ಇರಲಿಲ್ಲ. ಪೆರಿಫೆರಲ್ ರಿಂಗ್ ರೋಡಿನ ಹಾದಿಯಲ್ಲಿಯೂ ಇದೇ ಪಾಡು: 2000ದ ದಶಕದಲ್ಲೇ ಗುರುತಾದ ಜಮೀನು, ರಸ್ತೆಯೂ ಬರಲಿಲ್ಲ, ಮನೆ ಕಟ್ಟಲೂ ಆಗಲಿಲ್ಲ.

ಇದಕ್ಕೆ ಮದ್ದು ಮಾಹಿತಿ ಹಕ್ಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಶುಲ್ಕ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ, ಗಡುವು 30 ದಿನ. ಬಿಡಿಎ, ಕೆಐಎಡಿಬಿ (ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ), ಸಂಬಂಧಿತ ಯೋಜನಾ ಪ್ರಾಧಿಕಾರಕ್ಕೆ ಪ್ರತ್ಯೇಕ ಅರ್ಜಿ ಹಾಕಿ. ಒಕ್ಕಣೆ ಇಷ್ಟು ಸಾಕು:

'ಇಂಥ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮದ ಸರ್ವೆ ನಂ. ____ರ ಯಾವುದೇ ಭಾಗ ಈವರೆಗೆ ಪ್ರಾಥಮಿಕ ಅಥವಾ ಅಂತಿಮ ಭೂಸ್ವಾಧೀನ ಅಧಿಸೂಚನೆಗೆ ಒಳಪಟ್ಟಿದ್ದರೆ ಆ ಅಧಿಸೂಚನೆಯ ದಿನಾಂಕ, ಸಂಖ್ಯೆ, ವಿಸ್ತೀರ್ಣ ಹಾಗೂ ಕೈಬಿಟ್ಟಿದ್ದರೆ ಆ ಆದೇಶದ ದೃಢೀಕೃತ ಪ್ರತಿ ನೀಡಿ.'

'ಈ ಜಾಗ ಸರಿಯಿದೆಯೇ' ಎಂದು ಕೇಳಿದರೆ 'ಅಭಿಪ್ರಾಯ ನೀಡಲು ಅವಕಾಶವಿಲ್ಲ' ಎಂಬ ಹಿಂಬರಹ ಬರುತ್ತದೆ. ದಾಖಲೆ ಕೇಳಿ. ಒಂದು ತಿಂಗಳು ಕಾಯಲು 'ಬೇರೆ ಪಾರ್ಟಿ ರೆಡಿ ಇದ್ದಾರೆ' ಎನ್ನುವವರಿಗೆ ಆ ಪಾರ್ಟಿಗೇ ಕೊಡಲು ಹೇಳಿ.

ಲೇಔಟ್ ಅನುಮೋದಿತ ಎಂದು ಬೋರ್ಡು ಹಾಕಿದ್ದರೆ ಒಂದು ಲೆಕ್ಕ ಹಾಕಿ. ಎಕರೆಗೆ 43,560 ಚದರಡಿ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಬಿಟ್ಟರೆ ಸೈಟಿಗೆ ಉಳಿಯುವುದು ಅರ್ಧಕ್ಕಿಂತ ತುಸು ಹೆಚ್ಚು, ಅಂದರೆ ಇಪ್ಪತ್ತರ ಆಸುಪಾಸು 30×40 ಸೈಟು. ಎಕರೆಗೆ ಮೂವತ್ತು ಮಾಡಿದ್ದರೆ ಉದ್ಯಾನ ಬ್ರೋಷರಿನಲ್ಲಿ ಮಾತ್ರ ಇದೆ. ಭೂಪರಿವರ್ತನೆ ಆದೇಶವನ್ನೇ ಲೇಔಟ್ ಅನುಮೋದನೆ ಎಂದು ತೋರಿಸುವುದು ಮಾಮೂಲಿ; ಎರಡೂ ಬೇರೆ. ಪರಿವರ್ತನೆ ಕೊಡುವವರು ಜಿಲ್ಲಾಧಿಕಾರಿ, ಬಡಾವಣೆ ನಕ್ಷೆ ಒಪ್ಪುವುದು ಯೋಜನಾ ಪ್ರಾಧಿಕಾರ. ನಕ್ಷೆಗೆ ಸೀಲು ಬಿದ್ದ ಮಾತ್ರಕ್ಕೆ ಎಲ್ಲ ಸೈಟೂ ಮಾರಾಟಕ್ಕೆ ಸಿಗುವುದಿಲ್ಲ. ಕಾಮಗಾರಿ ಮುಗಿದಂತೆ ಹಂತ ಹಂತವಾಗಿ ಬಿಡುಗಡೆ ಪತ್ರ ಬರುತ್ತದೆ. ಆ ಪತ್ರದಲ್ಲಿ ನಿಮ್ಮ ಸೈಟ್ ನಂಬರು ಇರಬೇಕು. 500 ಚದರ ಮೀಟರ್ ಮೀರಿದ ಯೋಜನೆಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಕಡ್ಡಾಯ; ನಂಬರು ಕೇಳಿ, ಜಾಲತಾಣದಲ್ಲಿ ಹಾಕಿ ನೋಡಿ.

ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಗಣಕೀಕೃತ ದಾಖಲೆ) ನಮೂನೆ 9 ಮತ್ತು 11ಎ ಇದ್ದರೆ ಸರಿ. 11ಬಿ ಎಂದರೆ ತೆರಿಗೆ ವಸೂಲಿಗಾಗಿ ಬರೆದುಕೊಂಡ ಅಕ್ರಮ ಸ್ವತ್ತು. ನಗರದೊಳಗೆ ಅದೇ ಪಾತ್ರ ಬಿ ಖಾತೆಯದು. ಕ್ಯೂಆರ್ ಕೋಡ್ ಇರುವ ಇ-ಖಾತೆ ಕೈಗೆ ಬಂದರೆ ಸಕ್ರಮವಾಯಿತು ಎಂದುಕೊಳ್ಳುವವರು ಬಹಳ. ಮೇಲಿನ 'ಎ'ಯೋ 'ಬಿ'ಯೋ ಓದದೆ ಕೋಡನ್ನೇ ನೋಡುತ್ತಾರೆ. 2025ರ ನವೆಂಬರ್ 1ರಿಂದ ಬಿ ಖಾತೆಯನ್ನು ಎ ಮಾಡಿಸಿಕೊಳ್ಳುವ ಯೋಜನೆ ಶುರುವಾದಾಗ ಶುಲ್ಕ ಮಾರ್ಗಸೂಚಿ ದರದ ಶೇ 5 ಎಂದಿತ್ತು. ಮಾರ್ಗಸೂಚಿ ದರ ಚದರಡಿಗೆ 4,000 ಇದ್ದರೆ 1,200 ಚದರಡಿಗೆ 2.4 ಲಕ್ಷ. ಇದನ್ನು ಯಾರು ಕಟ್ಟಬೇಕು ಎಂಬುದು ಬೆಲೆ ಮಾತಾಡುವಾಗಲೇ ಇತ್ಯರ್ಥವಾಗಲಿ, ಶುಲ್ಕ ಬದಲಾಗಿದೆಯೇ ಎಂದೂ ನೋಡಿ. ಹಣ ಕಟ್ಟಿದರೆ ಖಾತೆ ಬದಲಾದೀತು, ಬಿ ಖರಾಬಿನ ಮೇಲೆ ಹಕ್ಕು ಹುಟ್ಟುವುದಿಲ್ಲ. 'ಅಕ್ರಮ-ಸಕ್ರಮ ಬಂದೇ ಬರುತ್ತೆ' ಎಂಬ ಹಳೇ ಪಲ್ಲವಿಯ ಕಥೆಯೂ ಗೊತ್ತಿರಲಿ: ಆ ಯೋಜನೆಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟದ್ದು 2017ರ ಜನವರಿಯಲ್ಲಿ.

ಕಟ್ಟುವ ಹಂತದಲ್ಲಿ ಇನ್ನೊಂದು ಬಾಗಿಲು ಮುಚ್ಚುತ್ತದೆ. ಸ್ವಾಧೀನಾನುಭವ ಪತ್ರವಿಲ್ಲದೆ (ಕಟ್ಟಡ ನಕ್ಷೆಯಂತೆ ಮುಗಿದಿದೆ ಎಂದು ಕೊಡುವ ಒ.ಸಿ.) ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಹೇಳಿತು. 2025ರಲ್ಲಿ ಸಾವಿರಾರು ಮನೆಗಳು ಮೀಟರಿಗಾಗಿ ಕಾದು ಕೂತವು. ಆಮೇಲೆ 1,200 ಚದರಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ ಸರ್ಕಾರ ವಿನಾಯಿತಿ ಕೊಟ್ಟಿತು. ಬ್ರೋಕರುಗಳು ಇದನ್ನು 'ಪ್ಲ್ಯಾನೇ ಬೇಡ' ಎಂದು ಹಿಗ್ಗಿಸಿ ಹೇಳುತ್ತಾರೆ. 30×40ರಲ್ಲಿ ನಾಲ್ಕೈದು ಅಂತಸ್ತು ಏರಿಸಿ ಬಾಡಿಗೆ ಎಣಿಸುವ ಯೋಚನೆ ಇದ್ದರೆ ಆ ವಿನಾಯಿತಿ ನಿಮಗಲ್ಲ.

ಟೋಕನ್ ಕೊಡುವ ಮುಂಚೆ ಕರಾರಿನಲ್ಲಿ ಈ ಅರ್ಥದ ಸಾಲು ಸೇರಿಸಲು ನಿಮ್ಮದೇ ವಕೀಲರಿಗೆ ಹೇಳಿ (ಮಾರುವವನು 'ನಮ್ಮ ಲಾಯರ್ ಇದ್ದಾರೆ' ಎಂದು ಪರಿಚಯಿಸುವವರಿಗಲ್ಲ): ಹದ್ದುಬಸ್ತಿನ ವರದಿಯಲ್ಲಾಗಲಿ ಮೇಲಿನ ಕಚೇರಿಗಳ ಉತ್ತರದಲ್ಲಾಗಲಿ ಖರಾಬು, ಬಫರ್ ಅಥವಾ ಭೂಸ್ವಾಧೀನ ಕಂಡುಬಂದರೆ ಮುಂಗಡವನ್ನು 15 ದಿನದೊಳಗೆ ಪೂರ್ತಿ ಹಿಂತಿರುಗಿಸತಕ್ಕದ್ದು. ಹಣ ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯಲ್ಲೇ, ಪಹಣಿಯಲ್ಲಿ ಹೆಸರಿರುವವರ ಖಾತೆಗೇ ಹೋಗಲಿ. ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಹಿಡಿದವನ ಖಾತೆಗೆ ಹಾಕಿದರೆ ನಾಳೆ ಮೂಲ ಮಾಲೀಕರು 'ನಮಗೆ ಒಂದು ಪೈಸೆ ಬಂದಿಲ್ಲ' ಎಂದು ದಾವೆ ಹೂಡಬಹುದು. ಜಿಪಿಎ ಬರೆದುಕೊಟ್ಟವರು ಬದುಕಿದ್ದಾರೆಯೇ ಎಂದು ಮನೆಗೇ ಹೋಗಿ ವಿಚಾರಿಸಿ. ಅವರು ತೀರಿಕೊಂಡಿದ್ದರೆ ಆ ಜಿಪಿಎ ಮೇಲೆ ಕ್ರಯ ಮಾಡಿಸಿಕೊಳ್ಳಬೇಡಿ, ವಾರಸುದಾರರೆಲ್ಲರ ಸಹಿ ಬೇಕಾಗುತ್ತದೆ.