ಬೆತ್ಲೆಹೇಮ್ ಯಾತ್ರೆಗೆ ಹಣ ಕಟ್ಟುವ ಮೊದಲು ಇದನ್ನು ಓದಿ

ಗುಂಪಿನೊಂದಿಗೆ ಪವಿತ್ರ ನಾಡಿಗೆ ಹೊರಟವರು ಯಾರಾದರೂ ಇದ್ದರೆ ದಯವಿಟ್ಟು ಓದಿ. ಬೆತ್ಲೆಹೇಮಿಗೆ ಹೋಗಿಯೂ ಯೇಸುಸ್ವಾಮಿ ಹುಟ್ಟಿದ ಗುಹೆಯನ್ನು ನೋಡದೆ ಬಂದವರು ನಾವು. ಆ ಗುಹೆಯ ಮೇಲೆಯೇ ಕಟ್ಟಿರುವ ಚರ್ಚಿನ ಒಳಗೆ ನಿಂತು, ನೋಡದೆ! ಹುಟ್ಟಿದ ಜಾಗದ ಗುರುತಿಗೆ ಗುಹೆಯ ನೆಲದಲ್ಲಿ ಬೆಳ್ಳಿಯ ನಕ್ಷತ್ರವೊಂದಿದೆ. "ಬೆಳ್ಳಿ ನಕ್ಷತ್ರವನ್ನು ಮುಟ್ಟಿದಿರಾ?" ಎಂದು ಭೇಟಿಯಾದವರೆಲ್ಲ ಕೇಳುತ್ತಾರೆ. ಏನೆಂದು ಹೇಳಲಿ?

ಜೆರುಸಲೇಮಿನಿಂದ ಬೆತ್ಲೆಹೇಮಿಗೆ ಸುಮಾರು 10 ಕಿಲೋಮೀಟರ್. ಅದು ಪ್ಯಾಲೆಸ್ಟೀನಿನ ಕಡೆ ಇರುವುದರಿಂದ ತಪಾಸಣಾ ಠಾಣೆ ದಾಟಿದ ಮೇಲೆ ಅಲ್ಲಿಯವನೇ ಒಬ್ಬ ಗೈಡ್ ಬಸ್ ಹತ್ತಿದ. ಅದು ಅಲ್ಲಿನ ವಾಡಿಕೆ, ತಕರಾರಿಲ್ಲ. ಆದರೆ ಬಸ್ ಹೋಗಿ ನಿಂತದ್ದು ಚರ್ಚಿನ ಮುಂದಲ್ಲ, ಅಂಗಡಿಯ ಮುಂದೆ. "ಈಗ ಚರ್ಚಿನಲ್ಲಿ ವಿಪರೀತ ಜನ, ಮಧ್ಯಾಹ್ನ ಖಾಲಿ ಇರುತ್ತದೆ" ಎಂದರು ನಮ್ಮ ಸಂಯೋಜಕರು. ಆಲಿವ್ ಮರದ ಗೋದಲಿಗಳು, ಮುತ್ತಿನ ಚಿಪ್ಪಿನ ಶಿಲುಬೆಗಳು, ಜಪಮಾಲೆಗಳು, ಎಲ್ಲವೂ ಡಾಲರಿನಲ್ಲಿ. ಇಲ್ಲಿಯ ಕ್ರೈಸ್ತ ಕುಟುಂಬಗಳು ಇದರಿಂದಲೇ ಬದುಕುತ್ತಿವೆ ಎಂದು ಭಾಷಣ ಬೇರೆ. ಇರಬಹುದು, ಸುಳ್ಳೆನ್ನುವುದಿಲ್ಲ. ಆದರೆ ನಾವು ಎದ್ದರೂ ಬಸ್ ಏಳಬೇಕಲ್ಲ! ಅಲ್ಲಿಂದ ಊಟ. ಊಟದ ನಂತರ ಚರ್ಚು.

ಆ ಚರ್ಚಿನ ಬಾಗಿಲು ಎಷ್ಟು ಗಿಡ್ಡ ಎಂಬುದು ಹೋದವರಿಗೆ ಗೊತ್ತು. ಬಗ್ಗದೆ ಯಾರೂ ಒಳಗೆ ಹೋಗುವಂತಿಲ್ಲ. ಮಂಡಿನೋವಿನ ನಮ್ಮ ಅತ್ತೆಯವರು ನನ್ನ ಕೈ ಹಿಡಿದು ಬಗ್ಗಿ ದಾಟಿದರು. ಒಳಗೆ ಬಲಿಪೀಠದ ಬಲಗಡೆ ಗುಹೆಗೆ ಇಳಿಯುವವರ ಉದ್ದ ಸಾಲು. ಸಾಲಿನ ಬಾಲಕ್ಕೆ ಸೇರಿಕೊಳ್ಳುವಷ್ಟರಲ್ಲಿ ಗೈಡ್ ಬಂದು, "ಕೆಳಗೆ ಅರ್ಮೇನಿಯನ್ನರ ಪೂಜೆ ಶುರುವಾಗಿದೆ, ಗುಹೆ ಮುಚ್ಚಿದ್ದಾರೆ" ಎಂದ. ಗ್ರೀಕ್ ಆರ್ಥೊಡಾಕ್ಸ್, ಅರ್ಮೇನಿಯನ್, ಕ್ಯಾಥೊಲಿಕರಾದ ಫ್ರಾನ್ಸಿಸ್ಕನ್, ಈ ಮೂರು ಕ್ರೈಸ್ತ ಪಂಗಡದವರೂ ಆ ಸ್ಥಳವನ್ನು ಹಂಚಿಕೊಂಡಿದ್ದಾರೆ, ಪೂಜೆಯ ಹೊತ್ತಿನಲ್ಲಿ ಯಾತ್ರಿಕರನ್ನು ತಡೆಯುವುದೂ ನಿಜ. ಹಾಗಾಗಿ ನಂಬಿದೆವು. ಪಕ್ಕದ ಸಂತ ಕ್ಯಾಥರೀನರ ಚರ್ಚಿನಲ್ಲಿ ಒಂದು ಹಾಡು, ಒಂದು ಗುಂಪು ಫೋಟೊ, ಮುಗಿಯಿತು. ಕುರಿಮಂದೆಯಂತೆ ಬಸ್ ಹತ್ತಿದೆವು.

ರಾತ್ರಿ ಹೋಟೆಲಿನ ಊಟದ ಮನೆಯಲ್ಲಿ ಕೇರಳದ ಒಂದು ಗುಂಪು ಸಿಕ್ಕಿತು. ಅದೇ ಸಾಲಿನಲ್ಲಿ ನಮ್ಮ ಹಿಂದೆ ನಿಂತಿದ್ದವರು! ಒಬ್ಬ ಹೆಂಗಸು ಮೊಬೈಲ್ ತೆಗೆದು ತೋರಿಸಿದರು: 14 ಮೂಲೆಗಳ ಬೆಳ್ಳಿ ನಕ್ಷತ್ರ, ಅದರ ಮೇಲೆ ಅವರ ಕೈ. ಫೋಟೊದಲ್ಲಿದ್ದ ಸಮಯ ನೋಡಿದೆ. ನಾವು ಬಸ್ಸಿನಲ್ಲಿ ಕುಳಿತು ತಲೆ ಎಣಿಸಿಕೊಳ್ಳುತ್ತಿದ್ದ ಹೊತ್ತು ಅದು. ಪೂಜೆಯೂ ಇಲ್ಲ, ಮುಚ್ಚಿದ್ದೂ ಇಲ್ಲ. ಸಾಲಿನಲ್ಲಿ ಕಾಯಲು ನಮಗೆ ಹೊತ್ತು ಉಳಿದಿರಲಿಲ್ಲ, ಅಷ್ಟೇ. ಆ ಹೊತ್ತೆಲ್ಲ ಅಂಗಡಿಗೆ ಹೋಗಿತ್ತು. ಅತ್ತೆಯವರು ಮೆಲ್ಲಗೆ, "ನನ್ನ ಮಂಡಿ ನೋಡಿಯೇ ಬೇಡ ಅಂದರೇನೋ" ಎಂದರು. ನನಗೆ ತಟ್ಟೆಯ ಮುಂದೆ ಕುಳಿತಿರಲಾಗಲಿಲ್ಲ.

ಸಂಯೋಜಕರನ್ನು ಕೇಳಿದೆ. ಮೊದಲ ಉತ್ತರ: "ಗೈಡ್ ಹೇಳಿದ್ದನ್ನೇ ನಾನೂ ನಂಬಿದೆ ಸಿಸ್ಟರ್." ಎರಡನೆಯದು: "ಕಾರ್ಯಕ್ರಮ ಪಟ್ಟಿಯಲ್ಲಿ ಚರ್ಚು ಎಂದಿದೆ, ಗುಹೆ ಎಂದಿಲ್ಲವಲ್ಲ." ನಾಳೆ ನಾವೇ ಹೋಗಿ ಬರುತ್ತೇವೆ, ಜೆರುಸಲೇಮಿನ ದಮಾಸ್ಕಸ್ ದ್ವಾರದ ಹತ್ತಿರದಿಂದ ಬಸ್ಸಿದೆಯಂತೆ ಎಂದೆ. "ಗುಂಪಿನ ವೀಸಾ, ಬಿಟ್ಟು ಹೋದರೆ ನಾನು ಜವಾಬ್ದಾರನಲ್ಲ" ಎಂದು ಹೆದರಿಸಿದರು. ಕೊನೆಗೆ ಹೇಳಿದ್ದು ಕೇಳಿ: "ವಿಶ್ವಾಸವಿದ್ದರೆ ಮೇಲೆ ನಿಂತು ಪ್ರಾರ್ಥಿಸಿದರೂ ಒಂದೇ, ಕೆಳಗೆ ಹೋದರೂ ಒಂದೇ." ಹಾಗಾದರೆ ಊರಿನಲ್ಲೇ ಪ್ರಾರ್ಥಿಸಬಹುದಿತ್ತಲ್ಲ ಸ್ವಾಮಿ, ಇಷ್ಟು ಹಣ ಏಕೆ ಕಟ್ಟಿಸಿಕೊಂಡಿರಿ? ನನ್ನ ವಿಶ್ವಾಸವನ್ನು ಅಳೆಯಲು ಇವರಾರು? ಮರುದಿನ ಬೆಳಿಗ್ಗೆ ಗೈಡ್ ಮತ್ತು ಚಾಲಕನ ಟಿಪ್ಸ್‌ಗೆಂದು ಲಕೋಟೆ ಹಿಡಿದು ಬಂದಾಗ ಮಾತ್ರ ಯಾವ ಮರೆವೂ ಇರಲಿಲ್ಲ. ಅದು ಕಡ್ಡಾಯವಂತೆ.

ಹೋಗುವವರು ಹೋಗಿ, ಬೇಡವೆನ್ನುವುದಿಲ್ಲ. ಮುಂಗಡ ಕೊಡುವ ಮೊದಲೇ ಬರೆಸಿಕೊಳ್ಳಿ: ಗುಹೆಗೆ ಇಳಿಸುತ್ತೀರಾ, ಮೊದಲು ಚರ್ಚೋ ಅಂಗಡಿಯೋ, ಟಿಪ್ಸ್ ಎಷ್ಟು. ಚರ್ಚಿಗೆ ಪ್ರವೇಶ ಶುಲ್ಕವಿಲ್ಲ, ಬೇಕಾಗಿರುವುದು ಸಮಯ ಮಾತ್ರ. "ದೇವರ ಚಿತ್ತ, ಅಲ್ಲಿ ಹೋದ ಮೇಲೆ ನೋಡೋಣ" ಎನ್ನುವವರ ಕೈಗೆ ಒಂದು ರೂಪಾಯಿಯನ್ನೂ ಕೊಡಬೇಡಿ.