ಮನಿ ಪ್ಲಾಂಟ್ ಹಬ್ಬಿಸುವ ನಾರಿನ ಕೋಲು: ಮುಂಬಯಿ ಮನೆಗಳಿಗೆ ಕೊಳ್ಳಬಹುದೇ?

ಮುಂಬಯಿಯ ನರ್ಸರಿಗಳಲ್ಲಿ ‘ಮಾಸ್ ಸ್ಟಿಕ್’ ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ತೆಂಗಿನ ನಾರು ಸುತ್ತಿದ ಕೋಲು. ಹೆಸರಿಗಷ್ಟೇ ಮಾಸ್ (ಅಂದರೆ ಹಾವಸೆ), ಒಳಗೆ ಅದರ ಒಂದು ಎಳೆಯೂ ಇರುವುದಿಲ್ಲ. ಎರಡು ಅಡಿಯದಕ್ಕೆ ರೂ. 150ರ ಆಸುಪಾಸು, ಮೂರು ಅಡಿಯದಕ್ಕೆ 250ರ ಹತ್ತಿರ ಹೇಳುತ್ತಾರೆ, ಚೌಕಾಸಿಗೆ ಜಾಗ ಇದ್ದೇ ಇರುತ್ತದೆ. ಮನಿ ಪ್ಲಾಂಟ್, ಸಿಂಗೋನಿಯಂ, ಹೃದಯದ ಆಕಾರದ ಎಲೆಯ ಫಿಲೊಡೆಂಡ್ರಾನ್, ಈ ಮೂರಕ್ಕೆ ಇದು ಧಾರಾಳವಾಗಿ ಸಾಕು. ಆದರೆ ಒಣ ಕೋಲನ್ನು ಕುಂಡಕ್ಕೆ ಸಿಕ್ಕಿಸಿ, ಬಳ್ಳಿಗೆ ಎರಡು ಗಂಟು ಹಾಕಿ ಕೈಬಿಟ್ಟರೆ ದುಡ್ಡು ದಂಡ.

ಊರಿನ ತೋಟದಲ್ಲಿ ಕಾಳುಮೆಣಸಿನ ಬಳ್ಳಿ ಅಡಿಕೆ ಮರ ಹತ್ತುವುದನ್ನು ನೋಡಿದವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ. ಗೆಣ್ಣಿನ ಬೇರು ಮರಕ್ಕೆ ಅಂಟಿದ ಬಳ್ಳಿ ಬಲಿಯುತ್ತದೆ, ನೆಲದ ಮೇಲೆ ಹರಿದ ಹಬ್ಬುಬಳ್ಳಿ ಸಪೂರವಾಗಿಯೇ ಉಳಿಯುತ್ತದೆ. ಮನಿ ಪ್ಲಾಂಟಿನ ಜಾಯಮಾನವೂ ಅದೇ. ಕಪಾಟಿನ ಮೇಲಿಂದ ಇಳಿಬಿಟ್ಟರೆ ಹೊಸ ಎಲೆಗಳು ಬರುಬರುತ್ತಾ ಚಿಕ್ಕದಾಗುತ್ತವೆ, ಗೆಣ್ಣುಗಳ ನಡುವೆ ಅಂತರ ಹೆಚ್ಚುತ್ತದೆ. ಹೌಸಿಂಗ್ ಸೊಸೈಟಿಗಳ ಆವರಣದಲ್ಲಿ ಮರ ಏರಿದ ಅದೇ ಬಳ್ಳಿಯ ಎಲೆ ಮೊರದಗಲವಾಗಿ, ಅಂಚು ಸೀಳಿಕೊಂಡು ನಿಂತಿರುತ್ತದೆ. ಮನೆಯೊಳಗಿನ ಎರಡು-ಮೂರು ಅಡಿ ಕೋಲಿನಿಂದ ಅಷ್ಟನ್ನು ನಿರೀಕ್ಷಿಸಬೇಡಿ. ಎಲೆ ಅಂಗೈ ದಾಟಿ ಬೆಳೆದರೆ ಕೋಲು ತನ್ನ ಕೆಲಸ ಮಾಡಿದೆ ಎಂದೇ ಲೆಕ್ಕ. ಆನ್‌ಲೈನ್ ಜಾಹೀರಾತಿನ ಫೋಟೋಗಳನ್ನು ನಂಬಿ ಕೊಂಡರೆ ನಿರಾಸೆ ಖಂಡಿತ.

ಕೊಳ್ಳುವಾಗ ನಾರಿಗಿಂತ ಮೊದಲು ಒಳಗಿನ ತಿರುಳು ನೋಡಿ. ಅಗ್ಗದವುಗಳಲ್ಲಿ ಮರದ ತುಂಡೋ ಬಿದಿರೋ ಇರುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಸರಿಯಾಗಿ ಮಣ್ಣಿನ ಮಟ್ಟದಲ್ಲೇ ಕೊಳೆತು, ಬಳ್ಳಿ ಸಮೇತ ವಾಲುತ್ತದೆ. ಪಿವಿಸಿ ಪೈಪಿನದನ್ನೇ ಕೇಳಿ, ಬುಡದ ಕಡೆ ನೋಡಿದರೆ ಟೊಳ್ಳು ಕಾಣುತ್ತದೆ. ನಾರನ್ನು ಮುಷ್ಟಿಯಲ್ಲಿ ಹಿಡಿದು ಕೆಳಕ್ಕೆ ಎಳೆಯಿರಿ, ಜಾರಿದರೆ ಬೇಡ. ಅಂಟು ಬಳಿದು ಗಟ್ಟಿಯಾಗಿ, ಹೊಳೆಯುವಂತೆ ಮಾಡಿದ್ದೂ ಬೇಡ, ಅದರ ಮೇಲಿಂದ ನೀರು ಹಾಗೇ ಜಾರಿ ಹೋಗುತ್ತದೆ. ಉದ್ದದ ಲೆಕ್ಕದಲ್ಲೂ ಮೋಸ ಹೋಗುವುದುಂಟು: ಎರಡು ಅಡಿಯಲ್ಲಿ ಆರು ಇಂಚು ಮಣ್ಣೊಳಗೆ ಹೋದರೆ ಬಳ್ಳಿಗೆ ಉಳಿಯುವುದು ಒಂದೂವರೆ ಅಡಿ. ಎಂಟು ಇಂಚಿನ ಕುಂಡಕ್ಕೂ ಮೂರು ಅಡಿಯದನ್ನೇ ತರುವುದು ಲೇಸು. ಮುಂಬಯಿಯ ರಾಣಿಬಾಗ್‌ನಲ್ಲಿ, ಪುಣೆಯ ಎಂಪ್ರೆಸ್ ಗಾರ್ಡನ್‌ನಲ್ಲಿ ವರ್ಷಕ್ಕೊಮ್ಮೆ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಇಂಥ ಸಾಮಾನನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳಲು ಅದು ಒಳ್ಳೆಯ ಅವಕಾಶ.

ತಂದ ಕೋಲನ್ನು ನೇರ ಕುಂಡಕ್ಕಿಡಬೇಡಿ. ತೊಳೆಯದ ನಾರಿನಲ್ಲಿ ಉಪ್ಪಿನಂಶ ಉಳಿದಿರಬಹುದು. ಬಕೆಟ್ಟಿನಲ್ಲಿ ರಾತ್ರಿಯಿಡೀ ನೆನೆಸಿದರೆ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಚೆಲ್ಲಿ ಮತ್ತೆ ನೆನೆಸಿ, ಬಣ್ಣ ತಿಳಿಯಾಗುವವರೆಗೆ. ಪೈಪಿನ ಬುಡದಲ್ಲಿ ಎದುರುಬದುರು ತೂತು ಕೊರೆದು, ಗೇಣುದ್ದದ ಗಟ್ಟಿ ಕಡ್ಡಿಯನ್ನು ಅಡ್ಡ ತೂರಿಸಿ ಮಣ್ಣೊಳಗೆ ಹೂತರೆ ಕೋಲು ಅಲ್ಲಾಡುವುದಿಲ್ಲ. ಇಷ್ಟನ್ನು ತಯಾರಕರೇ ಮಾಡಿ ಕೊಡಬೇಕಿತ್ತು. ಗಿಡ ಬೇರು ಬಿಟ್ಟ ಮೇಲೆ ಕೋಲು ಚುಚ್ಚಿದರೆ ಬೇರು ಹರಿಯುತ್ತದೆ, ಆದ್ದರಿಂದ ಕುಂಡ ಬದಲಿಸುವಾಗಲೇ ಮಧ್ಯದಲ್ಲಿ ನಿಲ್ಲಿಸಿ.

ಬಳ್ಳಿಯ ಗೆಣ್ಣಿನಲ್ಲಿ ಕಂದು ಬಣ್ಣದ ಪುಟ್ಟ ಮೊನೆಗಳು ಕಾಣುತ್ತವಲ್ಲ, ಅವೇ ಬೇರಾಗುವುದು. ಆ ಬದಿ ಕೋಲಿಗೆ ತಾಗಿರಬೇಕು. ಕಟ್ಟುವುದು ಕಾಂಡಕ್ಕೆ, ಎಲೆಯ ತೊಟ್ಟಿಗಲ್ಲ; ತೊಟ್ಟು ಬಿಗಿದರೆ ಎಲೆ ಬೆಳಕಿನತ್ತ ತಿರುಗಲಾರದೆ ಹಳದಿಯಾಗಿ ಉದುರುತ್ತದೆ. ತಂತಿ ಬೇಡ, ಹಳೆಯ ಹತ್ತಿ ಬಟ್ಟೆಯ ಪಟ್ಟಿ ಸಾಕು. ಬೇರು ನಾರಿಗೆ ಕಚ್ಚಿಕೊಂಡ ಮೇಲೆ ಬಿಚ್ಚಿಬಿಡಿ.

ಈ ಕೋಲಿನ ದೊಡ್ಡ ದೌರ್ಬಲ್ಯ ನೀರು. ನಾರು ಒದ್ದೆಯಾಗಿದ್ದರೇ ಬೇರು ಕಚ್ಚಿಕೊಳ್ಳುವುದು, ಆದರೆ ತೆಂಗಿನ ನಾರು ನೀರನ್ನು ಹೆಚ್ಚು ಹೊತ್ತು ಹಿಡಿದಿಡುವುದಿಲ್ಲ. ಹಿಡಿದಿಡುವುದು ಅದರ ಪುಡಿ, ಅಂದರೆ ಕೊಕೊಪೀಟ್. ಸ್ಪ್ರೇ ಬಾಟಲಿಯಿಂದ ಸಿಂಪಡಿಸಿದ್ದು ಮೇಲ್ಮೈ ಒದ್ದೆ ಮಾಡಿ, ಫ್ಯಾನಿನ ಗಾಳಿಗೆ ಸ್ವಲ್ಪದರಲ್ಲೇ ಆರಿಹೋಗುತ್ತದೆ. ಒಂದು ಲೋಟ ನೀರನ್ನು ಕೋಲಿನ ತುದಿಯಿಂದ ನಿಧಾನವಾಗಿ, ಸುತ್ತಲೂ ಇಳಿಯುವಂತೆ ಸುರಿಯಬೇಕು. ನವೆಂಬರಿನಿಂದ ಮೇವರೆಗೆ ಮುಂಬಯಿಯಲ್ಲಿ ವಾರಕ್ಕೆ ಎರಡು-ಮೂರು ಸಲ ಬೇಕಾದೀತು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೋಲಿಗೆ ಗಾಳಿಯ ತೇವವೇ ಸಾಕು. ಇಲ್ಲೇ ಅನೇಕರು ಎಡವುವುದು: ಕೋಲಿಗೆ ಸುರಿದ ನೀರು ಕೊನೆಗೆ ಇಳಿಯುವುದು ಕುಂಡಕ್ಕೇ. ಅದರ ಮೇಲೆ ಕುಂಡಕ್ಕೆ ಬೇರೆ ನೀರು ಹಾಕಿದರೆ ಕೆಳಗಿನ ಎಲೆಗಳು ಒಂದೊಂದಾಗಿ ಹಳದಿಯಾಗುತ್ತವೆ, ಮಣ್ಣಿನಿಂದ ಕೆಟ್ಟ ವಾಸನೆ ಬರುತ್ತದೆ, ಬೇರು ಕಪ್ಪಾಗಿ ಹಿಸುಕಿದರೆ ಸಿಪ್ಪೆ ಕಳಚುತ್ತದೆ. ಕೋಲಿನ ನೀರನ್ನೇ ಗಿಡದ ನೀರೆಂದು ಎಣಿಸಿ. ಬೆರಳನ್ನು ಎರಡು ಇಂಚು ಮಣ್ಣಿಗಿಳಿಸಿ, ಒಳಗೆ ಇನ್ನೂ ಒದ್ದೆ ಇದ್ದು ಕೋಲು ಮಾತ್ರ ಒಣಗಿದ್ದರೆ, ಕೋಲಿಗೆ ಒದ್ದೆ ಬಟ್ಟೆ ಸುತ್ತಿ ಒಂದು ತಾಸು ಬಿಡಿ.

ನರ್ಸರಿಯ ಅಂಟು ಕೆಂಪು ಮಣ್ಣಿನಲ್ಲಿ ಈ ಪದ್ಧತಿ ನಡೆಯುವುದಿಲ್ಲ. ಎರಡು ಪಾಲು ಕೊಕೊಪೀಟ್, ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು), ಒಂದು ಪಾಲು ಎರೆಗೊಬ್ಬರ, ಮೇಲೊಂದು ಹಿಡಿ ಇದ್ದಿಲ ಚೂರು ಬೆರೆಸಿದರೆ ನೀರು ನಿಲ್ಲದು.

ಪುಣೆಯ ಏಪ್ರಿಲ್ ಬಿಸಿಲಿಗೆ ನಾರು ಅರ್ಧ ದಿನದಲ್ಲಿ ಗರಿಗರಿ ಒಣಗುತ್ತದೆ, ಅಲ್ಲಿ ದಿನ ಬಿಟ್ಟು ದಿನ ಸುರಿಯಬೇಕು. ಗೋವಾದ ಮಳೆಗಾಲದಲ್ಲಿ ಚಿಂತೆ ಉಲ್ಟಾ: ಗಾಳಿಯಾಡದ ಮೂಲೆಯಲ್ಲಿ ನಾರಿಗೆ ಬಿಳಿ ಬೂಷ್ಟು ಹಿಡಿಯುತ್ತದೆ. ಗಿಡಕ್ಕೆ ಅದರಿಂದ ದೊಡ್ಡ ತೊಂದರೆ ಇಲ್ಲ, ಒರೆಸಿ ಕಿಟಕಿ ಹತ್ತಿರ ಸರಿಸಿದರೆ ಸಾಕು. ಬೆಳಕಂತೂ ಎಲ್ಲ ಕಡೆಯೂ ಬೇಕು. ಪೂರ್ವದ ಕಿಟಕಿಯ ಗ್ರಿಲ್ ಒಳಗೆ ಒಳ್ಳೆಯದು, ಪಶ್ಚಿಮದ ಗ್ರಿಲ್‌ನಲ್ಲಿ ಮೇ ತಿಂಗಳ ಬಿಸಿಲು ಎಲೆ ಸುಡುತ್ತದೆ.

ದಿನವಿಡೀ ಎಸಿ ಓಡುವ ಕೋಣೆಗೆ ಮಾತ್ರ ನಾರಿನ ಕೋಲು ಬೇಡ. ಪ್ಲಾಸ್ಟಿಕ್ ಜಾಲರಿಯೊಳಗೆ ಸ್ಫ್ಯಾಗ್ನಂ ಎಂಬ ಒಣಗಿಸಿದ ಹಾವಸೆ ತುಂಬಿದ್ದು ಕೆಲವು ಪಟ್ಟು ದುಬಾರಿ, ಆದರೆ ಅದು ತನ್ನ ಒಣ ತೂಕದ ಹತ್ತಾರು ಪಟ್ಟು ನೀರು ಹೀರಿ ಇಟ್ಟುಕೊಳ್ಳುತ್ತದೆ. ಮಖಮಲ್ಲಿನಂಥ ಎಲೆಯ ದುಬಾರಿ ಫಿಲೊಡೆಂಡ್ರಾನ್ ಸಾಕುವವರಿಗೆ ಆ ಖರ್ಚು ಸರಿ, ಮನಿ ಪ್ಲಾಂಟಿಗೆ ಅತಿಯಾಯಿತು. ದೊಡ್ಡ ಮಾನ್ಸ್ಟೆರಾಗೆ ಈ ಸಪೂರ ನಾರಿನ ಕೋಲು ಕಟ್ಟುವುದಂತೂ ತಮಾಷೆ, ಅದಕ್ಕೆ ನಾಲ್ಕು ಅಡಿಯ ಒರಟು ಹಲಗೆಯೇ ವಾಸಿ.

ಹಿಟ್ಟುತಿಗಣೆ ನಾರಿನ ಸುತ್ತುಗಳ ಸಂದಿಯಲ್ಲಿ ಅಡಗಿ ಕೂರುತ್ತದೆ. ಹತ್ತಿಯಂಥ ಬಿಳಿ ಚುಕ್ಕೆ ಕಂಡರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರವ ಬೆರೆಸಿ, ಸಂಜೆ ಹೊತ್ತು ಎಲೆಗೂ ಕೋಲಿಗೂ ಸಿಂಪಡಿಸಿ, ವಾರಕ್ಕೊಮ್ಮೆಯಂತೆ ಮೂರು ವಾರ. ಬೆಕ್ಕು ಸಾಕಿದ ಮನೆಯವರು ಇನ್ನೊಂದನ್ನು ಗಮನಿಸಿ: ನಾರು ಕಂಡರೆ ಬೆಕ್ಕಿಗೆ ಉಗುರು ಮಸೆಯುವ ಆಸೆ. ಮನಿ ಪ್ಲಾಂಟ್ ಕೆಸುವಿನ ಕುಟುಂಬದ್ದು, ಎಲೆಯಲ್ಲಿ ಅದೇ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ, ಅಗಿದರೆ ಬಾಯಿ ಉರಿದು ಜೊಲ್ಲು ಸುರಿಯುತ್ತದೆ.

ಬಳ್ಳಿ ತುದಿ ಮುಟ್ಟಿದ ಮೇಲೆ ಕೋಲಿಗೆ ಕೋಲು ಜೋಡಿಸುವ ಸಾಹಸ ಬೇಡ, ಕುಂಡ ಮಗುಚುತ್ತದೆ. ಮೇಲಿನ ನಾಲ್ಕೈದು ಗೆಣ್ಣನ್ನು ಬೇರಿನ ಸಮೇತ ಕತ್ತರಿಸಿ, ಅದೇ ಕುಂಡದಲ್ಲಿ ಕೋಲಿನ ಬುಡಕ್ಕೆ ನೆಡಿ. ಕೆಳಗುಳಿದ ಕಾಂಡವೂ ಚಿಗುರುತ್ತದೆ, ಕೋಲಿನ ಬರಿದಾದ ಕೆಳಭಾಗವೂ ತುಂಬುತ್ತದೆ.